ಕೆಂಪು ಗುಂಡಿ

"ಅವ್ನು ಸ್ಟಾಪ್ ಗುಂಡಿ ಒತ್ತೇ ಇಲ್ಲ! ಕುಡ್ದಿದ್ದ ಅಂತ ಬರ್ಕೊಡು!" ಕೊಟ್ರೇಶ್ ಮೇಜು ಗುದ್ದಿದ.

"ಮೂರು ಸಲ ಒತ್ಯಾನ್ರೀ. ಮೂಕಪ್ಪ ಕುಡಿಯೋನಲ್ಲ, ನಿಮಗೂ ಗೊತ್ತೈತೆ," ಎಂದಳು ನೇತ್ರಾವತಿ.

ಜಗಳೂರಿನ ಆ ವರ್ಕ್‌ಶಾಪಿನಲ್ಲಿ ಮೆಕ್ಕೆಜೋಳ ಒಕ್ಕುವ ಮಿಷನ್ನಿಗೆ ಕಂಟ್ರೋಲ್ ಪೆಟ್ಟಿಗೆ ಮಾಡುತ್ತಿದ್ದರು. ಮಾಲೀಕ ಕೊಟ್ರೇಶ್. ಪೆಟ್ಟಿಗೆಯ ಚಿಪ್ಪಿಗೆ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದವಳು ನೇತ್ರಾವತಿ. ಅಲ್ಲಿಯ ಫಿಟ್ಟರ್ ಮೂಕಪ್ಪ ನಿನ್ನೆ ಉಬ್ರಾಣಿಯಲ್ಲಿ ಮಿಷನ್ ಓಡಿಸಿ ತೋರಿಸುವಾಗ, ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿ, ಎರಡು ಬೆರಳು ಕಳೆದುಕೊಂಡಿದ್ದ.

ಅವಳು ಮೇಜಿನ ಮೇಲಿದ್ದ ಪೆಟ್ಟಿಗೆಗೆ ಕರೆಂಟ್ ಕೊಟ್ಟಳು. ಅದಕ್ಕೆ ಜೋಡಿಸಿದ್ದ ಮೋಟರ್ ಗುಂಯ್ ಎಂದಿತು.

"ಒತ್ರಿ."

ಕೊಟ್ರೇಶ್ ಕೆಂಪು ಗುಂಡಿ ಒತ್ತಿದ. ಮತ್ತೆ ಒತ್ತಿದ. ಮೋಟರ್ ತಿರುಗುತ್ತಲೇ ಇತ್ತು. ಅವಳೇ ಪ್ಲಗ್ ಕಿತ್ತಳು.

"ಟೆಸ್ಟಿಂಗ್‌ನಾಗೆ ನಿಂತಿತ್ತಲ್ಲ?"

"ಟೆಸ್ಟ್ ಮಾಡಿದ್ದು ಬ್ಯಾರೆ, ಕಳ್ಸಿದ್ದು ಬ್ಯಾರೆ. ಸಣ್ಣ ಚಿಪ್ಪಿಗೆ ಹಿಡಿಸ್ಬೇಕು, ಕೋಡ್ ಕುಗ್ಸು ಅಂದ್ರಿ. ಕುಗ್ಸಿದ್ದು ಕಂಪೈಲರ್ರು, ನಾ ಬರ್ದ ಕೋಡನ್ನ ಚಿಪ್ಪಿನ ಭಾಷೆಗೆ ತಿರುಗ್ಸೋ ಪ್ರೋಗ್ರಾಮು. ಗುಂಡಿ ಒತ್ಯಾರಾ ಅಂತ ಗಳಿಗೆಗೊಮ್ಮೆ ನೋಡು ಅಂತ ನಾನು ಬರ್ದಿದ್ದೆ. ಅದು, ಕೋಡಿನ ಈ ಸಾಲುಗಳಾಗೆ ಗುಂಡಿ ಸ್ಥಿತೀನ ಯಾರೂ ಬದಲಾಯ್ಸಲ್ಲ, ಒಂದ್ಸಲ ನೋಡಿದ್ರೆ ಸಾಕು ಅಂತ ಉಳಿದಿದ್ದು ತೆಗೆದುಹಾಕ್ತು. ಹೊರಗೊಬ್ಬ ಮನುಷ್ಯ ಅದಾನೆ ಅಂತ ಅದಕ್ಕೇನು ಗೊತ್ತು? ಹಂಗೆ ತೆಗೀಬ್ಯಾಡ ಅನ್ನಾಕೆ ಒಂದು ಪದ ಸೇರಿಸ್ಬೇಕಿತ್ತು. ನಾನು ಮರ್ತೆ. ಇನ್ನೊಂದ್ಸಲ ಟೆಸ್ಟ್ ಮಾಡ್ತೀನಂದ್ರೆ ನೀವು ಆಗ್ಲೇ ಲಾರಿಗೆ ಹೇರ್ಸಿದ್ರಿ."

"ಬ್ಯಾರೆ ಯಾವನೂ ಕಂಪ್ಲೇಂಟ್ ಮಾಡಿಲ್ಲ."

"ಎಲ್ರೂ ಮೇನ್ ಸ್ವಿಚ್ ಎಳ್ದು ಮಿಷನ್ ನಿಲ್ಲಿಸ್ತಾರ್ರೀ. ಗುಂಡಿ ಒತ್ತೋದು ಕೈ ಸಿಕ್ಕಾಗ್ಲೇ."

ಕೊಟ್ರೇಶನ ದನಿ ತಗ್ಗಿತು. "ನೋಡವ್ವ, ಒಕ್ಕಣೆ ಮುಗೀಲಿ. ಆಮೇಲೆ ಎಲ್ಲಾ ವಾಪಸ್ ತರಿಸಿ ಸರಿ ಮಾಡಾಣ. ಈಗ ಕುಡ್ದಿದ್ದ ಅಂತ ಬರ್ದು ಸೈನ್ ಹಾಕು."

"ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಮೂವತ್ತೆಂಟು ಪೆಟ್ಟಿಗೆ ಓಡ್ತಾ ಅದಾವೆ. ಒಕ್ಕಣೆ ಮುಗಿಯೋದ್ರಾಗೆ ಇನ್ನೆಷ್ಟು ಬೆರಳು ಬೇಕು ನಿಮಗೆ?"

"ತಪ್ಪು ನಿಂದೇ ಅಂತ ಊರಿಗೆಲ್ಲಾ ಸಾರ್ತೀನಿ! ಯಾವನು ಕೆಲ್ಸ ಕೊಡ್ತಾನೆ ನೋಡ್ತೀನಿ!"

"ನಿಮಗ್ಯಾಕೆ ತ್ರಾಸು? ನಾನೇ ಹೇಳ್ತೀನಿ ಬಿಡ್ರಿ."

ಗೋಡೆಗೆ ಅಂಟಿಸಿದ್ದ ಗಿರಾಕಿಗಳ ಫೋನ್ ಪಟ್ಟಿಯನ್ನು ಕಿತ್ತುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು.

ಸಿಟ್ಟು ಇಳಿದರೆ ಬರುತ್ತಾಳೆ ಎಂದು ಅವನು ಕಾದ. ಬರಲಿಲ್ಲ. ಫೋನ್ ಮಾಡಿದ, ಬೇರೆ ಕರೆಯಲ್ಲಿದ್ದಾರೆ ಎಂದಿತು. ಹತ್ತು ನಿಮಿಷ ಬಿಟ್ಟು ಮಾಡಿದ, ಅದೇ. ಮಧ್ಯಾಹ್ನದವರೆಗೂ ಅದೇ.

ಆಮೇಲೆ ಅವನ ಫೋನೇ ಹೊಡೆದುಕೊಂಡಿತು. ನ್ಯಾಮತಿಯ ಗಿರಾಕಿ ಓಬಳಪ್ಪ.

"ಕೊಟ್ರೇಶಣ್ಣ, ನಿಮ್ ಮೇಡಮ್ಮು ಮಿಷನ್ ಮುಟ್ಟಬ್ಯಾಡ್ರಿ ಅಂದ್ರು. ನಿಲ್ಸೀವಿ. ಜ್ವಾಳ ಕಣದಾಗೇ ಬಿದ್ದೈತೆ. ಮುಂದೇನ್ ಮಾಡಾಣ್ರೀ?"

ಕೊಟ್ರೇಶನ ಕಿವಿಯಲ್ಲಿ ಇನ್ನೊಂದು ಕರೆ ಬೀಪ್ ಬೀಪ್ ಎನ್ನುತ್ತಿತ್ತು. ಹೊನ್ನಾಳಿಯ ನಂಬರು.