ಅರ್ಧ ಗಡ್ಡ

ಎಡಗೆನ್ನೆ ಮುಗಿದು ಬಲಗೆನ್ನೆಗೆ ಬರುವಷ್ಟರಲ್ಲಿ ರೇಜರಿನ ತಲೆ ಲಟ್ಟೆಂದು ಮುರಿದು ಬಚ್ಚಲಿಗೆ ಬಿತ್ತು. ನಾಮದೇವ ಕೈಯಲ್ಲುಳಿದ ಪ್ಲಾಸ್ಟಿಕ್ ಹಿಡಿಕೆಯನ್ನು ಗೋಡೆಗೆ ಬೀಸಿ ಒಗೆದ. ಕೊಲ್ಲಾಪುರದಿಂದ ತಂದಿದ್ದ ಜೋಡಿ ಅಲಗಿನ ರೇಜರ್ ಅದು. ಮೊಂಡಾದರೆ ತಲೆಯನ್ನೇ ಬದಲಿಸಬೇಕು. ಆ ತಲೆಗಳೋ ನಿಪ್ಪಾಣಿಯ ಯಾವ ಅಂಗಡಿಯಲ್ಲೂ ಇಲ್ಲ. ತಿಂಗಳುಗಟ್ಟಲೆ ಒಂದರಲ್ಲೇ ಕೆರೆದುಕೊಂಡಿದ್ದ. ಶೋಕಿ ಮಾಡಲಿ, ಯಾರು ಬೇಡವೆಂದರು? ಆದರೆ ಹೆಣ್ಣಿನವರು ಮನೆ ನೋಡಲು ಬರುವ ದಿನವೇ ಕೈಕೊಡಬೇಕೆ ಆ ದರಿದ್ರದ್ದು!

"ಹನ್ನೊಂದರ ಬಸ್ಸಿಗೆ ಬರ್ತಾರ ಅವರು," ಒಲೆಯ ಮುಂದಿನಿಂದಲೇ ತಾಯಿ ಸುಂದರಾ ಕೂಗಿದಳು. "ಅಪ್ಪನ ದಾಡಿ ಸೆಟ್ ಐತಲ್ಲೋ, ತಗೋ."

"ಓಣ್ಯಾಗಿನ ಮಂದಿಯೆಲ್ಲಾ ಕೆರಕೊಂಡದ್ದು. ನನ್ನ ಮಾರಿಗೆ ಹಚ್ಚಾಂಗಿಲ್ಲ."

ಊರಿನ ಕ್ಷೌರದವರು ಅವರ ಓಣಿಗೆ ಕಾಲಿಡುತ್ತಿರಲಿಲ್ಲ. ಅದಕ್ಕೇ ಅಪ್ಪ ಭರಮು ಮುಂಬೈ ಗಿರಣಿಯಲ್ಲಿದ್ದಾಗ ಆ ಹಿತ್ತಾಳೆಯ ರೇಜರ್ ತಂದಿದ್ದ. ರವಿವಾರ ಬಂತೆಂದರೆ ಗಂಡಸರೆಲ್ಲ ಅವನ ಮುಂದೆ ಸಾಲಾಗಿ ಕುಕ್ಕರಗಾಲಲ್ಲಿ ಕೂಡುವರು. ಒಂದೇ ಬ್ಲೇಡು, ಗಾಜಿನ ಗ್ಲಾಸಿನೊಳಗೆ ಮಸೆದು ಮಸೆದು ಎಲ್ಲರಿಗೂ ಅದೇ. ಆ ಸಾಲು ಕಂಡರೆ ನಾಮದೇವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬ್ಯಾಂಕಿನಲ್ಲಿ ಕ್ಲರ್ಕಾದ ಮೇಲೆ ಮೊದಲು ಕೊಂಡದ್ದೇ ಆ ಜೋಡಿ ಅಲಗಿನದು. ಅದರ ಗತಿ ಇದು!

ಗಲ್ಲಕ್ಕೆ ಟಾವೆಲ್ ಒತ್ತಿಕೊಂಡು ಅವನು ಬಸ್ ನಿಲ್ಲುವಲ್ಲಿಗೆ ಹೋದ. ಅಲ್ಲಿ ರಸ್ತೆಯ ಪಕ್ಕದಲ್ಲೇ ಜ್ಞಾನದೇವನ ಸಲೂನು. ಜ್ಞಾನದೇವ ಅವನ ಸಾಲೆಯ ಗೆಳೆಯ. ಸಲೂನಿನ ಬಾಗಿಲಲ್ಲಿ ಊರ ಮೇಲ್ಕೇರಿಯ ಅಣ್ಣಾಸಾಬನ ಎಮ್ಮೆ ಮೈತುಂಬ ಸಾಬೂನಿನ ನೊರೆ ಹೊತ್ತು ನಿಂತಿತ್ತು. ಜ್ಞಾನದೇವ ಅದರ ಬೆನ್ನು ಬೋಳಿಸುತ್ತಿದ್ದ. ಹೇನು ಹತ್ತಬಾರದು, ನೋಡುವವರಿಗೆ ಮಿರಿಮಿರಿ ಮಿಂಚಬೇಕು.

"ಜ್ಞಾನ್ಯಾ, ಒಂದ ಕಡೆ ಉಳದೈತಿ. ಮನಿಗೆ ಮಂದಿ ಬರೂದೈತಿ, ಲಗೂನ ಮಾಡಿಕೊಡು."

ಜ್ಞಾನದೇವ ಕಟ್ಟೆಯ ಮೇಲೆ ಕೂತಿದ್ದ ಅಣ್ಣಾಸಾಬನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ, "ಹಿಂದಿನ ಬಾಗಲಿಗೆ ಬಾರೋ. ನಿಂತಲ್ಲೇ ಮಾಡಿಬಿಡ್ತೀನಿ. ಖುರ್ಚಿ ಮ್ಯಾಲ ಬ್ಯಾಡ," ಎಂದ.

"ಎಮ್ಮಿಗೆ ಮುಂದಿನ ಬಾಗಲು, ನನಗ ಹಿಂದಿನ ಬಾಗಲೇನು?"

"ಅದು ಹಾಲ ಕೊಡತೈತಿ ಬಿಡಪಾ," ಎಂದು ಅಣ್ಣಾಸಾಬ ನಕ್ಕ.

"ಸಾಲ್ಯಾಗ ನನ್ನ ಪಾಟಿ ನೋಡಿ ಲೆಕ್ಕ ಬರೀತಿದ್ದೆಲ್ಲೋ ಜ್ಞಾನ್ಯಾ? ಅವಾಗ ಹತ್ತಲಿಲ್ಲೇನ ನನ್ನ ಮೈಲಿಗಿ?"

"ಹೊಟ್ಟಿಪಾಡೋ ನಾಮ್ಯಾ. ನಿನ್ನ ಕುಂಡ್ರಿಸಿದ್ರ ನಾಳಿಗಿ ಇವರ್ಯಾರೂ ಬರಾಂಗಿಲ್ಲ."

ನಾಮದೇವನಿಗೆ ಉಗುಳಬೇಕೆನಿಸಿತು; ಬಾಯಿ ಒಣಗಿಹೋಗಿತ್ತು. ಟಾವೆಲನ್ನು ಹೆಗಲಿಗೆ ಹಾಕಿ, ಅರ್ಧ ಗಡ್ಡದ ಮುಖವನ್ನು ಊರಿಗೆಲ್ಲ ತೋರಿಸುತ್ತ ಮನೆಗೆ ಬಂದ.

ಭರಮು ತಲೆಯೆತ್ತಿ ನೋಡಿದ. ಮಗನ ಮುಖದಲ್ಲೇ ಎಲ್ಲ ಇತ್ತು. ಹಿತ್ತಾಳೆಯ ರೇಜರಿಗೆ ಹೊಸ ಬ್ಲೇಡು ಹಾಕಿ ತಿರುವಿ ಬಿಗಿದು ಮುಂದೆ ಹಿಡಿದ. "ನನ್ನ ಕೈ ನಡಗ್ತಾವು. ನೀನ ಮಾಡ್ಕೋ."

ನಾಮದೇವ ಅದನ್ನು ಕಸಿದುಕೊಂಡು, ಮುರಿದುಹೋದ ತನ್ನ ರೇಜರನ್ನು ಒತ್ತುತ್ತಿದ್ದಂತೆಯೇ ಗಲ್ಲಕ್ಕೆ ಒತ್ತಿ ಎಳೆದ. ನೊರೆ ಕೆಂಪಾಯಿತು.

"ಒತ್ತಬ್ಯಾಡೋ. ಅದರ ಭಾರನ ಅದಕ್ಕ ಸಾಕು. ಬರೇ ಹಿಡಿ."

"ನನಗ ಸಿಟ್ಟ ಬಂದೈತೆಪಾ!"

"ಸಿಟ್ಟ ಬಿಡು ಅಂದ್ನೇನ ನಾ? ಒತ್ತಬ್ಯಾಡ ಅಂದ್ನಿ." ಭರಮುವಿನ ದನಿಯೂ ಏರಿತು. "ನನಗ ಸಿಟ್ಟ ಇರಲಿಲ್ಲಂತ ತಿಳದಿಯೇನ? ಇಷ್ಟ ವರ್ಷ ಇತ್ತು. ಖರೆ, ಯಾರ ಗಲ್ಲಾನೂ ಕೊಯ್ಯಲಿಲ್ಲ."

ನಾಮದೇವ ಕನ್ನಡಿ, ತಂಬಿಗೆ, ಸಾಬೂನು, ಬ್ರಶ್ಶು, ರೇಜರ್ ಎತ್ತಿಕೊಂಡು ಹೊರಗೆ ನಡೆದ. ಓಣಿಯ ಬಾಯಲ್ಲಿ, ಸಲೂನಿಗೆ ಎದುರಾಗಿದ್ದ ಕಟ್ಟೆಯ ಮೇಲೆ ಕಾಲು ಮಡಚಿ ಕೂತ. ಸುಂದರಾ ಹಿಂದೆಯೇ ಓಡಿ ಬಂದಳು.

"ಹುಚ್ಚ ಹಿಡದೈತೇನ? ಬೀಗರು ಬರೂ ಹೊತ್ತು! ಈ ಅವತಾರ ನೋಡಿದ್ರ ಬಂದ ಬಸ್ಸಿಗೇ ಹೊಳ್ಳಿ ಹೊಕ್ಕಾರ."

"ಹೋಗ್ಲಿ. ಹಿಂದಿನ ಬಾಗಲಿಂದ ಸೊಸಿ ತರೂದು ಬ್ಯಾಡ."

ಸೈಕಲ್ಲಿನವರು ಕಾಲು ಊರಿ ನಿಂತು ನೋಡಿದರು. ಎದುರಿಗೆ ಜ್ಞಾನದೇವ ಎಮ್ಮೆಯ ಮರೆಗೆ ಸರಿದ. ಒತ್ತದೆ ಹಿಡಿದಾಗ ತನ್ನ ಭಾರದಲ್ಲೇ ರೇಜರ್ ಇಳಿಯತೊಡಗಿತು, ಬಲಗೆನ್ನೆ ಚೊಕ್ಕಾಯಿತು. ಗದ್ದದ ಕೆಳಗಿನದು ಉಳಿದಿರುವಾಗಲೇ ಬಸ್ಸು ಬಂದು ನಿಂತಿತು.

ರಾಯಬಾಗ ಕಡೆಯ ಗಂಗಾರಾಮ, ಹುಡುಗಿಯ ತಂದೆ, ಒಬ್ಬನೇ ಇಳಿದ. "ಜೈ ಭೀಮ," ಎಂದು ಕೈಮುಗಿದ. ಸುಂದರಾ ನಾಚಿಕೆಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಗಾರಾಮ ನೊರೆ ನೋಡಿದ, ನೆತ್ತರು ನೋಡಿದ, ಆಮೇಲೆ ಎದುರಿನ ಸಲೂನನ್ನು ಬಹಳ ಹೊತ್ತು ನೋಡಿದ.

"ನಿಮ್ಮೂರಾಗೂ ಹಿಂಗ ಏನ್ರಿ?"

"ಹೂಂನ್ರಿ," ಎಂದ ನಾಮದೇವ. ತಲೆ ತಗ್ಗಿಸಲಿಲ್ಲ.

ಗಂಗಾರಾಮ ತನ್ನ ಬಿಳಿ ಕುರುಚಲು ಗಡ್ಡವನ್ನು ಸವರಿಕೊಂಡ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಕಟ್ಟೆಯ ಮೇಲೆ ಕೂತ.

"ನಿಂದು ಮುಗೀಲಿ. ಆಮ್ಯಾಲ ನಂದೂ ತಗದಬಿಡಪಾ."

ನಾಮದೇವನ ಕೈ ನಿಂತಿತು. ಓಣಿಯಿಂದ ಬಂದ ಭರಮು ತಂಬಿಗೆಯ ನೀರು ಬದಲಿಸಿಟ್ಟ. ತನ್ನ ಗದ್ದ ಮುಗಿಸಿ, ನಾಮದೇವ ಬ್ರಶ್ಶು ಅದ್ದಿ ಆ ಸುಕ್ಕುಗಲ್ಲಗಳಿಗೆ ನೊರೆ ಹಚ್ಚಿದ. ಹೆಬ್ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಹಿಗ್ಗಿಸಿದ. ಗಂಗಾರಾಮ ಕಣ್ಣು ಮುಚ್ಚಿ, ರಸ್ತೆಯ ಕಡೆಗೆ ಗದ್ದವೆತ್ತಿ ಕೊಟ್ಟ.