ಆರರ ಮುಂದಿನದು

ಚಹಾದ ತಟ್ಟೆ ಹಿಡಿದು ಹೊಸಿಲು ದಾಟುತ್ತಿದ್ದ ಪುಟ್ಟಿಯ ಕಿವಿಗೆ ಜಗಲಿಯ ಮಾತು ಬಿತ್ತು. ದರ್ಜಿ ಬೆರಳು ಮಡಿಸುತ್ತಿದ್ದ.

"ದೊಡ್ಡವರು ಎಪ್ಪತ್ತಕ್ಕೆ ಹೋದ್ರು. ನಡುವಿನವರು ಅರವತ್ತಾರಕ್ಕೆ. ಈಗ ಮೇಷ್ಟ್ರು ಅರವತ್ತೆರಡಕ್ಕೆ. ನಾಲ್ಕು ನಾಲ್ಕು ಕಮ್ಮಿ, ಅಳತೆ ಹಿಡಿದು ಕತ್ತರಿಸಿದ ಹಾಗೆ."

"ಹಾಗಾದ್ರೆ ಮುಂದೆ ಐವತ್ತೆಂ..." ಎಂದ ಪಕ್ಕದ ಮನೆಯ ಕಂಡಕ್ಟರು ಅವಳನ್ನು ಕಂಡು ಕೆಮ್ಮಿದರು. "ಟೀ ಚೆನ್ನಾಗಿದೆಯಮ್ಮ," ಎಂದರು, ಲೋಟ ಮುಟ್ಟುವ ಮೊದಲೇ.

ಮೂವರು ಅಣ್ಣಂದಿರ ಬೆನ್ನಿಗೆ ಹುಟ್ಟಿದವಳು. ತಲೆ ನರೆತರೂ ಎಲ್ಲರಿಗೂ ಪುಟ್ಟಿಯೇ. ಬರುವ ತಿಂಗಳು ಅವಳಿಗೆ ಐವತ್ತೆಂಟು. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಟಕಟ ಎಂದವು.

ಒಳಗೆ ಮೇಷ್ಟ್ರ, ಅಂದರೆ ಅವಳ ಚಿಕ್ಕಣ್ಣನ, ದೇಹವನ್ನು ಮಲಗಿಸಿದ್ದರು. ತಲೆಯ ಕಡೆಯ ಗೋಡೆಯಲ್ಲಿ ಅವನ ಕಪ್ಪುಹಲಗೆ. ನಿನ್ನೆ ಮನೆಪಾಠದ ಮಕ್ಕಳಿಗೆಂದು ೨, ೪, ೬ ಬರೆದು, ಮುಂದಿನದಕ್ಕೆ ಕೈಯೆತ್ತಿದವನು ಹಾಗೇ ಕುಸಿದಿದ್ದ.

*

ನಡುವಣ್ಣ ತೀರಿಕೊಂಡ ವಾರ ಅವಳು ಇದೇ ಹಲಗೆಯ ಮುಂದೆ ಅತ್ತಿದ್ದಳು.

"ಎಪ್ಪತ್ತು, ಅರವತ್ತಾರು. ಮುಂದೆ ನೀನು ಕಣೋ ಚಿಕ್ಕಣ್ಣ. ಆಮೇಲೆ ನಾನು."

"ಅಳುಬುರುಕಿ, ಇಲ್ಲಿ ನೋಡು. ಎರಡು, ನಾಲ್ಕು, ಆರು. ಮುಂದೆ?"

"ಎಂಟು."

ಅವನು ೩೧ ಎಂದು ಬರೆದ. "ಇದು ಬರೋ ಹಾಗೂ ಒಂದು ಸೂತ್ರ ಹೊಸೀಬಹುದು. ಮೂರು ಸಂಖ್ಯೆ ನೋಡಿ ಎನ್‌ನೇ ಪದ ಇಂಥದ್ದೇ ಅನ್ನೋದು ಗಣಿತ ಅಲ್ಲ, ಕಣಿ."

"ಎನ್‌ನೇದು ಅಂದ್ರೆ ಎಷ್ಟನೇದು?"

"ಎಷ್ಟನೇದು ಬೇಕಾದ್ರೂ. ಇಷ್ಟನೇದು ಅಂತ ಇನ್ನೂ ಯಾರೂ ಗೊತ್ತುಮಾಡದೇ ಇರೋದು."

ಅವನು ನಕ್ಕಿದ್ದ. ಅಂದು ಅವಳಿಗೆ ಚೆನ್ನಾಗಿ ನಿದ್ದೆ ಬಂದಿತ್ತು.

*

"ಅತ್ತಿಗೆ, ಚಿಕ್ಕಣ್ಣನಿಗೆ ಭಯ ಇರಲಿಲ್ಲ ಅಲ್ವಾ?"

ಅತ್ತಿಗೆ ಸೆರಗಿನ ತುದಿ ತಿರುಚುತ್ತ ಕೂತಳು. "ಅರವತ್ತೆರಡು ತುಂಬಿದಾಗಿನಿಂದ ದೀಪ ಆರಿಸೋಕೆ ಬಿಡ್ತಿರಲಿಲ್ಲ. ನನ್ನ ಕೈ ಹಿಡ್ಕೊಂಡೇ ಮಲಗೋರು. ಪುಟ್ಟಿಗೆ ಮಾತ್ರ ಹೇಳಬೇಡ ಅಂದಿದ್ರು."

ಪುಟ್ಟಿ ಹಲಗೆಯತ್ತ ತಿರುಗಿದಳು. ಅವನಿಗೇ ಹಾಗಾಗಿದ್ದರೆ ತನ್ನ ಪಾಡೇನು?

"ಹೊತ್ತಾಯ್ತು, ಹೊರಡೋಣ," ಎನ್ನುತ್ತ ದರ್ಜಿ ಒಳಬಂದ. ಹಲಗೆಯತ್ತ ನೋಡಿ ಅಳುಕಿದ. "ಇದನ್ನ ಒರೆಸಿಬಿಡ್ಲಾ? ಅರ್ಧಕ್ಕೆ ನಿಂತದ್ದು ನೋಡೋಕಾಗಲ್ಲ."

"ತಾಳಪ್ಪ."

ಅವಳು ಅಣ್ಣನ ತಲೆಯ ಪಕ್ಕದಲ್ಲಿ ನಿಂತು ಸೀಮೆಸುಣ್ಣ ತೆಗೆದುಕೊಂಡಳು. ಆರರ ಮುಂದೆ ೩ ಬರೆಯುವಷ್ಟರಲ್ಲಿ ಸುಣ್ಣ ಲಟಕ್ಕನೆ ಮುರಿಯಿತು. ಅವಳು ಬಗ್ಗಿ, ಅಣ್ಣನ ಭುಜದ ಬಳಿ ಬಿದ್ದಿದ್ದ ತುಂಡನ್ನು ಹೆಕ್ಕಿಕೊಂಡು, ಪಕ್ಕದಲ್ಲಿ ಸೊಟ್ಟಸೊಟ್ಟಗೆ ೧ ಬರೆದಳು.