ಮಾಪಕದ ಮೇಲಿನ ತೆರೆ

ನಮ್ಮ ಪ್ರಯೋಗಶಾಲೆಯಲ್ಲಿ ಬೆಳಕಿನ ಬಣ್ಣವನ್ನು ಸಂಖ್ಯೆಯಾಗಿ ತೋರಿಸುವ ತರಂಗಮಾಪಕದ ಮುಖಕ್ಕೆ ಕೆಂಪು ರೇಷ್ಮೆಯ ತುಂಡೊಂದನ್ನು ಹೊದಿಸಿರುತ್ತಿದ್ದೆವು. ನೈವೇದ್ಯದ ಹೊತ್ತಿನಲ್ಲಿ ದೇವರ ಮುಂದೆ ಎಳೆಯುವ ತೆರೆಗೆಂದು ನಮ್ಮ ಮನೆಯಲ್ಲಿದ್ದ ವಸ್ತ್ರವದು, ಕೊಟ್ಟವನು ನಾನೇ. ಸ್ವಾಮಿ ಉಣ್ಣುವಾಗ ಇಣುಕಬಾರದೆಂಬ ನಿಯಮವನ್ನು ಎಂದೂ ಮೀರದವನೆಂಬ ಅಭಿಮಾನ ನನಗಿತ್ತು.

ತನ್ನದಲ್ಲದ ಒಂದು ಎಲೆಕ್ಟ್ರಾನನ್ನು ಸಡಿಲವಾಗಿ ಹಿಡಿದುಕೊಂಡ ಪರಮಾಣುವೇ ಋಣ ಅಯಾನು. ಸರಿಯಾದ ಬಣ್ಣದ ಲೇಸರ್ ಬೆಳಕು ಅದನ್ನು ಮತ್ತೆ ಮತ್ತೆ ತಡೆದು, ನಿಧಾನಗೊಳಿಸಿ, ತಣಿಸಬಲ್ಲದು. ಆ ಬಣ್ಣ ಯಾವುದೆಂದು ಕನಕಾಂಬಾ ಮೇಡಂ ಹನ್ನೆರಡು ವರ್ಷ ಗಣಿತ ಮಾಡಿ ಒಂದು ಸಂಖ್ಯೆಯನ್ನು ಕಂಡುಕೊಂಡಿದ್ದರು. ಪ್ರಯೋಗ ಅದನ್ನು ಒಪ್ಪಬೇಕಿತ್ತು. ತಣಿಸುವ ಲೇಸರನ್ನು ತಯಾರಿಸುವವರಿಗೆ ಅಂದು ಸಂಜೆಯೊಳಗೆ ಸಂಖ್ಯೆ ಕಳುಹಿಸಬೇಕು. ತಪ್ಪಿದರೆ ಆ ಲೇಸರು ನಿರರ್ಥಕ, ಎರಡನೆಯದು ನಮಗೆ ದೊರೆಯದು.

ಪರೀಕ್ಷೆಯ ಲೇಸರಿನ ಬಣ್ಣವನ್ನು ಸುತ್ತಿಗೊಂದರಂತೆ ಬದಲಿಸುವುದು ಮೇಡಂ ಕೆಲಸ. ಬೆಳಕು ತಾಗಿ ಎಲೆಕ್ಟ್ರಾನ್ ಕಳಚಿಕೊಂಡ ಪರಮಾಣುಗಳ ಎಣಿಕೆ ನನ್ನ ಮುಂದೆ ಮೂಡುತ್ತಿತ್ತು; ಅದು ಅತಿ ಎತ್ತರಕ್ಕೇರುವ ಬಣ್ಣವೇ ನಾವು ಹುಡುಕುತ್ತಿದ್ದದ್ದು. ಅಯಾನುಗಳ ಹರಿವು ಅಲುಗಿದ ಸುತ್ತುಗಳನ್ನು ಬಿಟ್ಟುಬಿಡುವುದು ನನ್ನ ಹೊಣೆ. ಬಿಡುವವನಿಗೆ ಬಣ್ಣ ತಿಳಿಯಬಾರದೆಂದೇ ಆ ತೆರೆ.

ಮಧ್ಯಾಹ್ನ ಅವರು ಲೇಸರಿನ ಕನ್ನಡಿಗಳತ್ತ ಬಾಗಿದಾಗ ನಾನು ಅಂಚನ್ನು ಎತ್ತಿದೆ. ಒಮ್ಮೆಯಲ್ಲ, ಸುತ್ತು ಸುತ್ತಿಗೂ. ಅವರ ಸಂಖ್ಯೆ ಗೆಲ್ಲಲೆಂಬ ಭಕ್ತಿ ನನ್ನದು. ಆ ಸಂಖ್ಯೆಯಿಂದ ದೂರದಲ್ಲಿ ಎಣಿಕೆ ಏರಿದ ಸುತ್ತುಗಳೆಲ್ಲ ನನ್ನ ಕಣ್ಣಿಗೆ ಅಲುಗಿದಂತೆಯೇ ಕಂಡವು. ಸುಳ್ಳು ಬರೆಯಲಿಲ್ಲ, ಬಿಟ್ಟೆ, ಅಷ್ಟೆ. ಎಣಿಕೆಯ ಶಿಖರ ಅವರ ಸಂಖ್ಯೆಯ ಮೇಲೆಯೇ ನಿಂತಿತು.

ಅವರು ಪೆನ್ನಿನ ಮುಚ್ಚಳ ತೆಗೆದರು.

“ಬರೀಬೇಡಿ, ಮೇಡಂ. ನಾನು ತೆರೆ ಎತ್ತಿದ್ದೆ.”

ಪೆನ್ನು ನಿಂತಿತು. “ಎಷ್ಟು ಸುತ್ತು ಬಿಟ್ರಿ?”

“ಒಂಬತ್ತು.”

“ದೇವರು ಉಣ್ಣೋವಾಗ ಇಣುಕಿಲ್ಲ ಅಂತಿದ್ರಲ್ಲ, ಶಾಸ್ತ್ರಿಗಳೇ. ನನ್ನ ಎಲೆಗೇ ಇಣುಕಿದ್ರಾ?”

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

“ಅಯಾನು ಕೊಡೋ ಲೋಹ ಎಷ್ಟು ಉಳಿದಿದೆ?”

“ಇನ್ನೊಂದು ಪೂರ್ತಿ ಸರದಿಗೆ ಆದೀತು.”

“ಸಾಕು, ಮೊದಲಿಂದ ಶುರು ಮಾಡಿ. ಈ ಸಲ ಒಂದು ಸುತ್ತನ್ನೂ ಬಿಡೋ ಹಾಗಿಲ್ಲ.”

ತೆರೆಯ ನಾಲ್ಕು ಮೂಲೆಗಳನ್ನೂ ಅವರೇ ಬಿಗಿದು ಕಟ್ಟಿದರು. ಎಣಿಕೆ ಏರಿತು, ಇಳಿಯಿತು. ಯಾವ ಬಣ್ಣಕ್ಕೆಂದು ನಾನರಿಯೆ. ಹೊತ್ತು ವಾಲುತ್ತಿತ್ತು. ಕೊನೆಗೆ, ಎಣಿಕೆ ಅತಿ ಎತ್ತರಕ್ಕೇರಿದ್ದ ಬಣ್ಣಕ್ಕೆ ಲೇಸರನ್ನು ಮರಳಿ ತಂದು, “ತೆರೆ ತೆಗೀರಿ” ಎಂದರು. ನನ್ನ ಕೈ ಏಳಲಿಲ್ಲ. ಅವರೇ ಗಂಟು ಬಿಚ್ಚಿದರು.

ಅದು ಅವರ ಸಂಖ್ಯೆಯಾಗಿರಲಿಲ್ಲ.

ಬಹಳ ಹೊತ್ತು ನೋಡಿದರು. “ಅಯಾನಿಗೆ ನನ್ನ ಗಣಿತ ಬರಲ್ಲ, ಬಿಡಿ” ಎಂದು, ಮಾಪಕ ತೋರಿದ್ದನ್ನೇ ಬರೆದು ಕಳುಹಿಸಿದರು. ಆಮೇಲೆ ತೆರೆಯನ್ನು ಮಡಿಸಿ ನನ್ನ ಕೈಗಿತ್ತರು. “ಒಗೆದು ತನ್ನಿ. ನಾಳೆ ಬೇಕು.”

ಮರುದಿನ ಬೆಳಗ್ಗೆ ಅದನ್ನು ಹಗ್ಗದ ಮೇಲೆ ಹರವಿದೆ. ಸೂರ್ಯ ಅದರ ಆಚೆಗಿದ್ದ. ಅಂಚನ್ನು ಮುಟ್ಟದೆ, ಈಚೆಯಲ್ಲೇ ನಿಂತು ಕೈಮುಗಿದೆ.